ಗುಳ್ಳೆಗೆ 40, ಸಕ್ಕರೆಗೆ 5

2025ರ ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ. ತಿಪಟೂರಿನಲ್ಲಿರುವ ಅಕ್ಕನ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿಸಿದ ಮೇಲೆ ನಾನು ಭಾವನ ದಿನಸಿ ಅಂಗಡಿಯ ಕಂಪ್ಯೂಟರ್ ಮುಂದೆ ಕುಳಿತೆ. ಮರುದಿನ, ಅಂದರೆ ನವರಾತ್ರಿಯ ಮೊದಲ ದಿನದಿಂದ, ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬರುವುದಿತ್ತು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನಾನು ಭಾವನ ಅಂಗಡಿಯ ರಿಟರ್ನ್ಸ್ ಸಲ್ಲಿಸುತ್ತ ಬಂದವಳು. ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದೇ ವಸ್ತುವಿನ ದರ ತಿದ್ದುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಸೋಪು, ಟೂತ್‌ಪೇಸ್ಟ್, ತುಪ್ಪ, ಬಿಸ್ಕತ್ತು ಎಲ್ಲ ಮುಗಿಸಿ ತಂಪು ಪಾನೀಯಗಳ ಸಾಲಿಗೆ ಬಂದಾಗ ಕೀಲಿಮಣೆಯ ಮೇಲೆ ನನ್ನ ಕೈ ನಿಂತಿತು.

ಎಚ್‌ಎಸ್‌ಎನ್ ಎಂಬುದು ತೆರಿಗೆಗಾಗಿ ಸರಕುಗಳನ್ನು ವಿಂಗಡಿಸುವ ಸಂಖ್ಯೆ. ಅದರಲ್ಲಿ ಕೋಡ್ 2202 10 ಎಂದರೆ ಸಕ್ಕರೆ, ಬೇರೆ ಸಿಹಿಕಾರಕ ಅಥವಾ ರುಚಿಕಾರಕ ಸೇರಿಸಿದ, ಗ್ಯಾಸ್ ತುಂಬಿದ ಪಾನೀಯ. ಅದಕ್ಕೆ 2017ರಲ್ಲಿ ಜಿಎಸ್‌ಟಿ ಬಂದಂದಿನಿಂದಲೂ ಶೇ. 28 ತೆರಿಗೆ ಮತ್ತು ಶೇ. 12 ಸೆಸ್, ಒಟ್ಟು ಶೇ. 40 ಇತ್ತು, ಹೊಸ ಪದ್ಧತಿಯಲ್ಲಿ ಸೆಸ್ ಹೋಗಿ ತೆರಿಗೆಯೇ ನೇರವಾಗಿ ಶೇ. 40 ಆಯಿತು. ಕೋಡ್ 2202 99ರ ಕೆಳಗೆ ಬರುವ, ಗ್ಯಾಸ್ ಇಲ್ಲದ ಹಣ್ಣಿನ ತಿರುಳಿನ ಅಥವಾ ಹಣ್ಣಿನ ರಸದ ಪಾನೀಯಕ್ಕೆ ಅಲ್ಲಿಯವರೆಗೆ ಶೇ. 12 ಇದ್ದದ್ದು ಶೇ. 5ಕ್ಕೆ ಇಳಿಯಿತು. ಸಿಹಿ ಹಾಕಿದ ಫ್ಲೇವರ್ಡ್ ಹಾಲಿಗೂ ಶೇ. 12ರಿಂದ 5. ಪ್ಯಾಕೆಟ್ ಎಳನೀರಿಗೂ 12ರಿಂದ 5. ಉಪ್ಪು, ಹಸಿಮೆಣಸಿನಕಾಯಿ, ಶುಂಠಿ ಹಾಕಿದ ಪ್ಯಾಕೆಟ್ ಮಜ್ಜಿಗೆಗೆ 2022ರ ಜುಲೈನಿಂದ ಇದ್ದ ಶೇ. 5 ಹಾಗೆಯೇ ಉಳಿಯಿತು. ಸಕ್ಕರೆಯ ಹನಿಯೂ ಇಲ್ಲದ ಡಯಟ್ ಕೋಲಾಕ್ಕೂ ಲೀಟರಿಗೆ ನೂರು ಗ್ರಾಂಗೂ ಮಿಕ್ಕಿ ಸಕ್ಕರೆ ಇರುವ ಕೋಲಾಕ್ಕೂ ಒಂದೇ 40. ಮಜ್ಜಿಗೆಗೂ ಸಕ್ಕರೆ ತುಂಬಿದ ಮಾವಿನ ಪಾನೀಯಕ್ಕೂ ಒಂದೇ 5. ಈ ಪಟ್ಟಿಯಲ್ಲಿ ಎಲ್ಲಿಯೂ ಗ್ರಾಂ ಎಂಬ ಮಾತಿಲ್ಲ. ಬಾಟಲಿಯೊಳಗೆ ಸಕ್ಕರೆ ಎಷ್ಟಿದೆ ಎಂದು ನಮ್ಮ ತೆರಿಗೆ ಕೇಳುವುದೇ ಇಲ್ಲ, ಗುಳ್ಳೆ ಇದೆಯೇ ಎಂದು ಮಾತ್ರ ಕೇಳುತ್ತದೆ.

ನಾನು ಹೀಗೆ ಯೋಚಿಸುತ್ತ ಕುಳಿತಿರುವಾಗಲೇ ಎದುರು ಬೀದಿಯ ಅಜ್ಜಿಯೊಬ್ಬರು ಇಬ್ಬರು ಮೊಮ್ಮಕ್ಕಳನ್ನು ಕೈಹಿಡಿದುಕೊಂಡು ಬಂದರು. ದೊಡ್ಡ ಹುಡುಗ ಫ್ರಿಜ್‌ನ ಗಾಜಿನ ಬಾಗಿಲಿಗೆ ಮೂಗು ಒತ್ತಿ ಕೋಲಾ ಬಾಟಲಿಯತ್ತ ಬೆರಳು ತೋರಿಸಿದ. ಅಜ್ಜಿ ಅವನ ಕೈ ಕೆಳಗಿಳಿಸಿ, "ಗ್ಯಾಸಿಂದು ಬ್ಯಾಡ ಕಣಪ್ಪ, ಹೊಟ್ಟೆ ಕೆಡುತ್ತೆ. ಹಣ್ಣಿನ ಜ್ಯೂಸ್ ಕೊಡು, ಎರಡು" ಎಂದು ಭಾವನಿಗೆ ಹೇಳಿದರು. ಸೆರಗಿನ ಗಂಟು ಬಿಚ್ಚಿ ಎರಡು ಹತ್ತರ ನೋಟು ಕೊಟ್ಟರು. ಮಕ್ಕಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಸ್ಟ್ರಾ ಚುಚ್ಚಿದರು. ಅಜ್ಜಿಯ ಮುಖದಲ್ಲಿ ಮಕ್ಕಳಿಗೆ ಒಳ್ಳೆಯದನ್ನೇ ಕೊಡಿಸಿದ ಸಮಾಧಾನವಿತ್ತು. ಆ ಸಮಾಧಾನವನ್ನು ನೋಡಿ ನನಗೆ ಸಂಕಟವಾಯಿತು. ಏಕೆಂದರೆ ಅದೇ ಜ್ಯೂಸಿನ ಇನ್ನೊಂದು ಪ್ಯಾಕೆಟ್ ನನ್ನ ಮೇಜಿನ ಮೇಲಿತ್ತು, ಮತ್ತು ಅದರ ಹಿಂಬದಿಯ ಸಣ್ಣಕ್ಷರಗಳನ್ನು ನಾನು ಆಗಷ್ಟೇ ಮೊಬೈಲ್ ಬೆಳಕಿನಲ್ಲಿ ಓದಿದ್ದೆ: 100 ಮಿಲಿಗೆ 13 ಗ್ರಾಂ ಸಕ್ಕರೆ. 150 ಮಿಲಿಯ ಪ್ಯಾಕೆಟ್‌ನಲ್ಲಿ 19.5 ಗ್ರಾಂ, ಅಂದರೆ ಹೆಚ್ಚು ಕಡಿಮೆ 4 ಚಮಚ. ಅಜ್ಜಿ ಬೇಡವೆಂದ ಕೋಲಾದಲ್ಲಿ ಅದೇ ಅಳತೆಗೆ ಇದ್ದದ್ದು ಇದಕ್ಕಿಂತ ತುಸು ಕಡಿಮೆಯೇ.

ಅಜ್ಜಿಯದೇನೂ ತಪ್ಪಿಲ್ಲ. ಗ್ಯಾಸು ಕೆಟ್ಟದ್ದು, ಹಣ್ಣು ಒಳ್ಳೆಯದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇದೆ, ಅದಕ್ಕೆ ಕಾರಣಗಳೂ ಇವೆ. ಆದರೆ ದೇಶದ ತೆರಿಗೆ ನೀತಿಯೂ ಇದೇ ನಂಬಿಕೆಯ ಮೇಲೆ ನಿಂತರೆ ಅದರ ಪರಿಣಾಮ ಬೇರೆಯಾಗುತ್ತದೆ. 10 ರೂಪಾಯಿಯ ಕೋಲಾದಲ್ಲಿ ಶೇ. 40ರ ಲೆಕ್ಕಕ್ಕೆ 2 ರೂಪಾಯಿ 86 ಪೈಸೆ ತೆರಿಗೆ ಸೇರಿರುತ್ತದೆ. 10 ರೂಪಾಯಿಯ ಮಾವಿನ ಪಾನೀಯದಲ್ಲಿ ಶೇ. 5ರ ಲೆಕ್ಕಕ್ಕೆ 48 ಪೈಸೆ. ಎರಡರಲ್ಲೂ ಸಕ್ಕರೆ ಹತ್ತಿರ ಹತ್ತಿರ ಅಷ್ಟೇ ಇರುವಾಗ, ಈ 2 ರೂಪಾಯಿ 38 ಪೈಸೆಯ ಅಂತರ ತಯಾರಕನಿಗೆ ಸಕ್ಕರೆ ಕಡಿಮೆ ಮಾಡು ಎಂದು ಹೇಳುವುದಿಲ್ಲ. ಗ್ಯಾಸ್ ತೆಗೆದು ಒಂದಿಷ್ಟು ತಿರುಳು ಸೇರಿಸು ಎಂದು ಮಾತ್ರ ಹೇಳುತ್ತದೆ. ಆ ಒಂದಿಷ್ಟು ಎಂದರೆ ಎಷ್ಟು ಎಂಬುದೂ ನಿಯಮದಲ್ಲಿದೆ: ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಹಣ್ಣಿನ ಪಾನೀಯ ಎನಿಸಿಕೊಳ್ಳಲು ಹಣ್ಣಿನ ಅಂಶ ಕನಿಷ್ಠ ಶೇ. 10 ಇದ್ದರೆ ಸಾಕು, ನಿಂಬೆಯಾದರೆ ಶೇ. 5.

ಶೇ. 40 ತೆರಿಗೆ ಇದ್ದರೂ ಕೋಲಾದ ಮಾರಾಟ ನಿಂತಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ತೆರಿಗೆ ಬೆಲೆಯ ಮೇಲೆ ಬೀಳುತ್ತದೆ, ಲೀಟರಿನ ಮೇಲೆ ಬೀಳುವುದಿಲ್ಲ. ಬೆಲೆ ಇಳಿದರೆ ತೆರಿಗೆಯೂ ತಾನಾಗಿ ಇಳಿಯುತ್ತದೆ. 2023ರಲ್ಲಿ ಕ್ಯಾಂಪಾ ಎಂಬ ಹಳೆಯ ಕೋಲಾ ಮತ್ತೆ ಮಾರುಕಟ್ಟೆಗೆ ಬಂದಾಗ 200 ಮಿಲಿ ಬಾಟಲಿಯನ್ನು 10 ರೂಪಾಯಿಗೆ ಕೊಡಲು ಸಾಧ್ಯವಾದದ್ದು ಇದೇ ತೆರಿಗೆ ಇದ್ದಾಗಲೇ. ಶಾಲೆ ಬಿಟ್ಟ ಮೇಲೆ ಭಾವನ ಅಂಗಡಿಗೆ ಬರುವ ಹೈಸ್ಕೂಲು ಹುಡುಗರು 20 ರೂಪಾಯಿಯ ಎನರ್ಜಿ ಡ್ರಿಂಕ್ ಕೇಳುತ್ತಾರೆ. ಮಕ್ಕಳಿಗೆ ಯೋಗ್ಯವಲ್ಲ ಎಂಬ ಕಡ್ಡಾಯ ಸೂಚನೆ ಬಾಟಲಿಯ ಮೇಲೆಯೇ ಇರುತ್ತದೆ, ಆದರೆ ಅದನ್ನು ಓದಿ ಕೊಡದೇ ಇರುವ ಅಂಗಡಿಯವರನ್ನು ನಾನು ನೋಡಿಲ್ಲ. ಭಾವನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಊರಿಂದ ಮರಳಿದ ಮೇಲೆ ನಮ್ಮ ಮನೆಯ ಲೆಕ್ಕವನ್ನೇ ತೆಗೆದೆ. ಖರ್ಚಿನ ಲೆಕ್ಕ ಬರೆಯುವ ಅಭ್ಯಾಸ ನನಗೆ ಮದುವೆಗೆ ಮುಂಚಿನಿಂದ ಇದೆ. ನಾವು ನಾಲ್ವರು. ಆ ವರ್ಷದ ಏಪ್ರಿಲ್ ತಿಂಗಳೊಂದರಲ್ಲೇ ಒಂದು ಲೀಟರಿನ ಮಾವಿನ ಪಾನೀಯ ಮೂರು ಬಾಟಲಿ ತಂದಿದ್ದೆವು. ಅತ್ತೆಯವರ ಕಡೆಯ ನೆಂಟರು ಬಂದಾಗ ಎರಡು, ಮಗಳ ಹುಟ್ಟುಹಬ್ಬಕ್ಕೆ ಒಂದು. ಕೋಲಾ ಒಂದೂ ಇಲ್ಲ. ನಮ್ಮ ಮನೆಯಲ್ಲಿ ಸಾಫ್ಟ್ ಡ್ರಿಂಕ್ ತರುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದದ್ದು ಈ ಅರ್ಥದಲ್ಲಿ ನಿಜ. ಲೀಟರಿಗೆ 130 ಗ್ರಾಂ ಎಂದರೂ ಮೂರು ಬಾಟಲಿಗೆ 390 ಗ್ರಾಂ ಸಕ್ಕರೆ. ಅದು ದಿನಸಿ ಚೀಟಿಯಲ್ಲಿ ಸಕ್ಕರೆ ಎಂದು ಬರೆದ ಸಾಲಿನಲ್ಲಿ ಎಂದೂ ಬರುವುದಿಲ್ಲ. ಕಾಫಿಗೆ ಅರ್ಧ ಚಮಚ ಕಡಿಮೆ ಹಾಕಿ ಎಂದು ನನ್ನವರಿಗೆ ಪ್ರತಿದಿನ ಹೇಳುವ ನಾನು ಈ 390 ಗ್ರಾಂಗಳನ್ನು ಕಂಡೇ ಇರಲಿಲ್ಲ.

ದೇಶದ ಲೆಕ್ಕದಲ್ಲೂ ಈ ಸಕ್ಕರೆ ಹೀಗೆಯೇ ಅಡಗಿರುತ್ತದೆ. ಕೇಂದ್ರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2011-12ರಲ್ಲಿ ಗ್ರಾಮೀಣ ಕುಟುಂಬದ ತಲಾ ವೆಚ್ಚದಲ್ಲಿ ಪಾನೀಯ ಮತ್ತು ಸಂಸ್ಕರಿತ ಆಹಾರದ ಪಾಲು ಶೇ. 7.9 ಇತ್ತು, 2022-23ರಲ್ಲಿ ಅದು ಶೇ. 9.62ಕ್ಕೆ ಏರಿತು. ನಗರಗಳಲ್ಲಿ ಶೇ. 8.98ರಿಂದ 10.64ಕ್ಕೆ. ಅದೇ 2022-23ರಲ್ಲಿ ಗ್ರಾಮೀಣ ಕುಟುಂಬ ಅಕ್ಕಿ, ರಾಗಿ, ಗೋಧಿಯಂತಹ ಧಾನ್ಯಗಳಿಗೆ ಮಾಡಿದ ಖರ್ಚಿನ ಪಾಲು ಶೇ. 4.91. ಪಡಿತರ ಅಕ್ಕಿ ಇದಕ್ಕೆ ಒಂದು ಕಾರಣ, ಸರಿ. ಅಲ್ಲದೆ ಈ ಗುಂಪಿನಲ್ಲಿ ಚಹಾ, ಕಾಫಿ, ಕುರುಕಲು ತಿಂಡಿ, ಹೊರಗೆ ಕೊಂಡು ತಿನ್ನುವ ಆಹಾರ ಎಲ್ಲವೂ ಸೇರಿರುವುದರಿಂದ, ಈ ಏರಿಕೆಯೆಲ್ಲ ಸಿಹಿ ಪಾನೀಯದ್ದೇ ಎಂದು ಹೇಳಿದರೆ ತಪ್ಪಾಗುತ್ತದೆ. ಆದರೂ ಮನೆಯ ಹಣ ಅಡುಗೆಮನೆಯ ಡಬ್ಬಿಗಳಿಂದ ಅಂಗಡಿಯ ಪೊಟ್ಟಣಗಳತ್ತ ಸರಿಯುತ್ತಿದೆ ಎಂಬ ದಿಕ್ಕು ಇದರಲ್ಲಿ ಕಾಣುತ್ತದೆ.

ಇದರ ಮಗ್ಗುಲಲ್ಲೇ ಇಡಬೇಕಾದ ಸಂಖ್ಯೆಗಳಿವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 20ರಿಂದ 25 ಗ್ರಾಂಗಿಂತ ಹೆಚ್ಚು ಸಕ್ಕರೆ ಬೇಡ ಎಂದು ಹೇಳಿದೆ. ಮೆಟ್ಟಿಲ ಮೇಲೆ ಕುಳಿತು ಐದು ನಿಮಿಷದಲ್ಲಿ ಪ್ಯಾಕೆಟ್ ಖಾಲಿ ಮಾಡಿದ ಆ ಮಗುವಿಗೆ ದಿನದ ಪಾಲು ಬಹುಮಟ್ಟಿಗೆ ಅಲ್ಲೇ ಮುಗಿದಿತ್ತು. ಬೆಳಗಿನ ಹಾಲಿನದು, ಬಿಸ್ಕತ್ತಿನದು, ಅಮಾವಾಸ್ಯೆಯ ಪಾಯಸದ್ದು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹಾಗಾದರೆ ತೆರಿಗೆಯಿಂದ ಇದನ್ನು ತಿದ್ದಬಹುದೇ? ತಿದ್ದಬಹುದು ಎಂದು ನಾನು ನಂಬುವುದಕ್ಕೆ ಕಾರಣ ಬ್ರಿಟನ್ನಿನ ಅನುಭವ. ಅಲ್ಲಿ 2016ರ ಮಾರ್ಚ್‌ನ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ತಂಪು ಪಾನೀಯ ಉದ್ಯಮದ ಮೇಲೆ ಸುಂಕ ಘೋಷಿಸಿದರು, ಆದರೆ ಜಾರಿಗೆ ತಂದದ್ದು 2018ರ ಏಪ್ರಿಲ್ 6ರಂದು. ನಡುವಿನ ಎರಡು ವರ್ಷ ತಯಾರಕರಿಗೆ ಕೊಟ್ಟ ಕಾಲಾವಕಾಶ. ಸುಂಕವನ್ನು ಹಂತಗಳಲ್ಲಿ ಕಟ್ಟಿದ್ದರು: 100 ಮಿಲಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಏನೂ ಇಲ್ಲ, 5ರಿಂದ 8 ಗ್ರಾಂ ಒಳಗಿದ್ದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮತ್ತು ಅದಕ್ಕಿಂತ ಹೆಚ್ಚಿದ್ದರೆ 24 ಪೆನ್ಸ್. ಅದನ್ನು ಕಟ್ಟಬೇಕಾದವನು ಗಿರಾಕಿಯಲ್ಲ, ತಯಾರಕ ಅಥವಾ ಆಮದುದಾರ. ತನ್ನ ಪಾನೀಯ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬುದನ್ನು ಅವನೇ ಪಾಕ ಬದಲಿಸಿ ತೀರ್ಮಾನಿಸಬಹುದಾಗಿತ್ತು.

ಹಾಗೆಯೇ ಬದಲಿಸಿದರು. ಸುಂಕ ಜಾರಿಯಾಗುವ ಮುಂಚೆಯೇ ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆ ತಗ್ಗಿಸಿದ್ದರು. ಸ್ಕಾಟ್ಲೆಂಡಿನ ಜನ ತಮ್ಮ ನಾಡಿನದೇ ಎಂದು ಹೆಮ್ಮೆಪಡುವ ಐರ್ನ್ ಬ್ರೂ ಎಂಬ ಪಾನೀಯದಲ್ಲಿ 100 ಮಿಲಿಗೆ 10.3 ಗ್ರಾಂ ಇದ್ದ ಸಕ್ಕರೆ 2018ರ ಜನವರಿಯಿಂದ 4.7 ಗ್ರಾಂ ಆಯಿತು. 5ರ ಗೆರೆಗಿಂತ ಸ್ವಲ್ಪವೇ ಕೆಳಗೆ. ಹಳೆಯ ರುಚಿ ಬಿಡಲಾರದವರು ಕ್ಯಾನ್‌ಗಳನ್ನು ಮನೆಯಲ್ಲಿ ಕೂಡಿಟ್ಟುಕೊಂಡದ್ದು ಆಗ ಸುದ್ದಿಯಾಗಿತ್ತು. ಕೋಕಾ ಕೋಲಾ ಮಾತ್ರ ತನ್ನ ಮೂಲ ಪಾನೀಯದ ಪಾಕವನ್ನು ಮುಟ್ಟದೆ ಸುಂಕ ಕಟ್ಟುವ ದಾರಿ ಹಿಡಿಯಿತು. 2015ರಲ್ಲಿ ಸುಂಕದ ವ್ಯಾಪ್ತಿಗೆ ಬರುವಂತಹ ಪಾನೀಯಗಳ ಪೈಕಿ ಶೇ. 49ರಲ್ಲಿ 5 ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದದ್ದು 2019ರ ಫೆಬ್ರವರಿಯ ಹೊತ್ತಿಗೆ ಶೇ. 15ಕ್ಕೆ ಇಳಿದಿತ್ತು. ಸರ್ಕಾರ ಮೊದಲು ವರ್ಷಕ್ಕೆ 52 ಕೋಟಿ ಪೌಂಡ್ ವರಮಾನ ನಿರೀಕ್ಷಿಸಿತ್ತು. ಪಾಕ ಬದಲಾಗುತ್ತ ಹೋದಂತೆ ಆ ಅಂದಾಜನ್ನು 24 ಕೋಟಿಗೆ ಇಳಿಸಬೇಕಾಯಿತು. ತೆರಿಗೆಯ ಲೆಕ್ಕ ನೋಡುವುದೇ ಕಸುಬಾಗಿರುವ ನನಗೆ, ವರಮಾನ ಕುಸಿಯುವುದೇ ಗುರಿ ತಲುಪಿದ ಗುರುತಾಗಿರುವ ಇಂತಹ ತೆರಿಗೆಯನ್ನು ಕಂಡು ನಿಜಕ್ಕೂ ಸಂತೋಷವಾಯಿತು.

ಮನೆಗಳ ಖರೀದಿಯಲ್ಲಿ ಏನಾಯಿತು ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಂಡ ಭಾಗ. ಬ್ರಿಟನ್ನಿನಲ್ಲಿ ಮಾರುಕಟ್ಟೆ ಸಮೀಕ್ಷೆಗೆ ಒಪ್ಪಿಕೊಂಡ ಸಾವಿರಾರು ಕುಟುಂಬಗಳು ಅಂಗಡಿಯಿಂದ ತಂದ ಪ್ರತಿಯೊಂದು ಪೊಟ್ಟಣದ ಬಾರ್‌ಕೋಡನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ ಕಳುಹಿಸುತ್ತವೆ. ಆ ಮಾಹಿತಿಯನ್ನು ಬಳಸಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸುಂಕ ಬಂದ ಒಂದು ವರ್ಷದ ನಂತರ ಕುಟುಂಬಗಳು ಕೊಳ್ಳುವ ತಂಪು ಪಾನೀಯದ ಪ್ರಮಾಣ ಬದಲಾಗಿರಲಿಲ್ಲ. ಆದರೆ ಆ ಪಾನೀಯಗಳ ಮೂಲಕ ಮನೆಗೆ ಬರುತ್ತಿದ್ದ ಸಕ್ಕರೆ ವಾರಕ್ಕೆ ಒಂದು ಕುಟುಂಬಕ್ಕೆ ಸುಮಾರು 30 ಗ್ರಾಂ, ಅಂದರೆ ಶೇ. 10ರಷ್ಟು ಕಡಿಮೆಯಾಗಿತ್ತು. ಜನ ಮೊದಲಿನಷ್ಟೇ ಕುಡಿದರು, ಕಂಪನಿಗಳೂ ಮೊದಲಿನಷ್ಟೇ ಮಾರಿದವು, ಸಕ್ಕರೆ ಮಾತ್ರ ಇಳಿಯಿತು. ಯಾವ ತಾಯಿಯೂ ಅಂಗಡಿಯ ಮುಂದೆ ನಿಂತು ಮಗುವಿನೊಂದಿಗೆ ಜಗಳವಾಡಬೇಕಾಗಲಿಲ್ಲ. ನಮ್ಮ ಆರೋಗ್ಯ ಪ್ರಚಾರವೆಲ್ಲ ಮನೆಯವರೇ ಬದಲಾಗಬೇಕು, ಅದರಲ್ಲೂ ಮನೆಯ ಹೆಂಗಸರೇ ಎಚ್ಚರವಹಿಸಬೇಕು ಎಂಬ ಉಪದೇಶದಲ್ಲಿ ಮುಗಿಯುವಾಗ, ಈ 30 ಗ್ರಾಂ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಂತರದ ಅಧ್ಯಯನಗಳಲ್ಲಿ ಇಂಗ್ಲೆಂಡಿನ 10–11 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸ್ಥೂಲಕಾಯದ ಪ್ರಮಾಣ ನಿರೀಕ್ಷಿತ ಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆ ಇದ್ದದ್ದು ಕಂಡಿತು. ಗಂಡುಮಕ್ಕಳಲ್ಲಿ ಮತ್ತು ಪುಟ್ಟ ಮಕ್ಕಳಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಹುಳುಕು ಹಲ್ಲು ಕೀಳಿಸಲು 18 ವರ್ಷದೊಳಗಿನವರು ಆಸ್ಪತ್ರೆಗೆ ಸೇರುವುದು ಶೇ. 12ರಷ್ಟು ಇಳಿಯಿತು. ಸುಂಕವೊಂದೇ ಎಲ್ಲವನ್ನೂ ಮಾಡುತ್ತದೆ ಎಂದು ಇದರಿಂದ ಹೇಳಲಾಗದು. ಮಾಡಿದ್ದು ಇಷ್ಟು ಎಂದರೂ, ಒಂದು ಸುಂಕಕ್ಕೆ ಅದು ಕಡಿಮೆಯಲ್ಲ.

ಮೆಕ್ಸಿಕೋ ಬೇರೆ ದಾರಿ ಹಿಡಿಯಿತು. 2014ರ ಜನವರಿ 1ರಿಂದ ಸಕ್ಕರೆ ಸೇರಿಸಿದ ಪಾನೀಯಕ್ಕೆ ಲೀಟರಿಗೆ 1 ಪೆಸೊ, ಅಂದರೆ ಬೆಲೆಯ ಸುಮಾರು ಹತ್ತನೇ ಒಂದು ಪಾಲು. ಅಲ್ಲಿನ ಖರೀದಿಯ ಮಾಹಿತಿ ಸಂಗ್ರಹಿಸಿದ ರೀತಿಯನ್ನು ಓದಿ ನಾನು ಬೆರಗಾದೆ: ಸಮೀಕ್ಷಕರು ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ಮನೆಯವರು ಬರೆದಿಟ್ಟ ದಿನಚರಿ, ಅಂಗಡಿಯ ರಸೀದಿಗಳನ್ನು ಪಡೆಯುತ್ತಿದ್ದರು, ಖಾಲಿ ಪೊಟ್ಟಣಗಳನ್ನು ಹಾಕಲೆಂದೇ ಕೊಟ್ಟಿದ್ದ ಬುಟ್ಟಿಯನ್ನು ನೋಡುತ್ತಿದ್ದರು, ಉಗ್ರಾಣದಲ್ಲಿ ಉಳಿದಿರುವುದನ್ನು ಎಣಿಸುತ್ತಿದ್ದರು. 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಈ ಲೆಕ್ಕದಲ್ಲಿ ಮೊದಲ ವರ್ಷ ಸರಾಸರಿ ಶೇ. 6ರಷ್ಟು ಖರೀದಿ ಇಳಿದಿತ್ತು, ಡಿಸೆಂಬರ್ ವೇಳೆಗೆ ಶೇ. 12. ಅತ್ಯಂತ ಬಡ ಕುಟುಂಬಗಳಲ್ಲಿ ಸರಾಸರಿ ಶೇ. 9, ಡಿಸೆಂಬರ್‌ನಲ್ಲಿ ಶೇ. 17. ತೆರಿಗೆ ಇಲ್ಲದ ಪಾನೀಯಗಳ, ಮುಖ್ಯವಾಗಿ ಬಾಟಲಿ ನೀರಿನ, ಖರೀದಿ ಶೇ. 4ರಷ್ಟು ಏರಿತು. ಇಂತಹ ತೆರಿಗೆ ಬಡವರ ಮೇಲೆ ಹೊರೆ ಎಂಬ ಮಾತಿನಲ್ಲಿ ಸತ್ಯವಿದೆ, ಆದರೆ ಮಧುಮೇಹದ ಮಾತ್ರೆ, ಕಾಲಿನ ಹುಣ್ಣು, ಡಯಾಲಿಸಿಸ್‌ನ ಖರ್ಚೂ ಅದೇ ಮನೆಗಳ ಮೇಲೆಯೇ ಬೀಳುವ ಹೊರೆ. ಯಾವುದನ್ನು ತಗ್ಗಿಸಬಹುದು ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ.

ನಮ್ಮಲ್ಲಿ ಇದಕ್ಕೆ ಬರುವ ದೊಡ್ಡ ಆಕ್ಷೇಪ ಮಾವು ಬೆಳೆಗಾರರದು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಶ್ರೀನಿವಾಸಪುರದ, ರಾಮನಗರದ ತೋತಾಪುರಿ ಹೋಗುವುದೇ ತಿರುಳಿನ ಕಾರ್ಖಾನೆಗಳಿಗೆ. 2025ರ ಬೇಸಿಗೆಯಲ್ಲಿ ತೋತಾಪುರಿಯ ಬೆಲೆ ಕುಸಿದು, ಆಂಧ್ರದ ಚಿತ್ತೂರು ಜಿಲ್ಲೆಯೊಳಗೆ ಹೊರರಾಜ್ಯದ ಹಣ್ಣಿಗೆ ತಡೆಯೂ ಬಿದ್ದಾಗ, ಕ್ವಿಂಟಲಿಗೆ 1,616 ರೂಪಾಯಿ ದರವನ್ನು ಆಧಾರವಾಗಿಟ್ಟುಕೊಂಡು 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡುವ ಯೋಜನೆಗೆ ಕೇಂದ್ರ ಒಪ್ಪಬೇಕಾಯಿತು. ಇಂತಹ ರೈತರ ಹಣ್ಣಿನ ಪಾನೀಯಕ್ಕೆ ತೆರಿಗೆ ಏರಿಸುವುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ಆದರೆ ಶೇ. 10 ತಿರುಳು ಹಾಕಿ ಉಳಿದದ್ದನ್ನು ನೀರು ಮತ್ತು ಸಕ್ಕರೆಯಿಂದ ತುಂಬಿಸಿದ ಪಾನೀಯಕ್ಕೆ ರಿಯಾಯಿತಿ ಕೊಟ್ಟಾಗ ನಾವು ಬೆಂಬಲಿಸುತ್ತಿರುವುದು ಮಾವನ್ನೋ ಸಕ್ಕರೆಯನ್ನೋ? ತೆರಿಗೆ ಬೀಳಬೇಕಾದದ್ದು ಸೇರಿಸಿದ ಸಕ್ಕರೆಯ ಗ್ರಾಂ ಮೇಲೆ. ತಿರುಳಿನಲ್ಲೇ ಇರುವ ಸಿಹಿಯನ್ನು ಅದು ಮುಟ್ಟದಿದ್ದರೆ, ತಿರುಳು ಹೆಚ್ಚಿಸಿ ಸಕ್ಕರೆ ತಗ್ಗಿಸಿದವನಿಗೆ ಲಾಭವಾಗುತ್ತದೆ, ಕಾರ್ಖಾನೆಗೆ ಬೇಕಾಗುವ ಹಣ್ಣೂ ಹೆಚ್ಚಾಗುತ್ತದೆ.

ಸಕ್ಕರೆಯ ಬದಲು ಕೃತಕ ಸಿಹಿ ಬರುತ್ತದಲ್ಲ ಎಂಬ ಆತಂಕವೂ ನಿಜವೇ. ತೂಕ ಇಳಿಸಲು ಅವುಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅದಕ್ಕೆ ಬೇರೆ ನಿಯಮ ಬೇಕು. ಅದೊಂದು ಪ್ರತ್ಯೇಕ ಬರಹದ ವಿಷಯ.

ತೆರಿಗೆಯ ಜೊತೆಗೆ ಹೆಸರಿನ ಮಾತೂ ಇದೆ. ಇದನ್ನು ನನ್ನ ಸ್ವಂತ ಅನುಭವದಿಂದ ಹೇಳುತ್ತೇನೆ. ಮಗಳು ನಾಲ್ಕು ವರ್ಷದವಳಿದ್ದಾಗ ಭೇದಿಯಾಗಿ ಬಳಲಿದ್ದಳು. ಓಆರ್‌ಎಸ್, ಅಂದರೆ ಭೇದಿಯಲ್ಲಿ ಕಳೆದುಹೋದ ನೀರು, ಲವಣವನ್ನು ತುಂಬಿಕೊಡುವ ದ್ರಾವಣ, ಕೊಡಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಮನೆಯ ಹತ್ತಿರದ ಔಷಧಿ ಅಂಗಡಿಯಲ್ಲಿ ಕೇಳಿದಾಗ ಓಆರ್‌ಎಸ್ ಎಂಬ ಅಕ್ಷರಗಳು ದೊಡ್ಡದಾಗಿ ಇದ್ದ, ಸೇಬಿನ ಚಿತ್ರವಿದ್ದ ಟೆಟ್ರಾ ಪ್ಯಾಕ್ ಕೊಟ್ಟರು. ಮಗು ಇಷ್ಟಪಟ್ಟು ಕುಡಿದಳು, ನಾನು ಎರಡು ದಿನ ಅದನ್ನೇ ಕೊಟ್ಟೆ, ಭೇದಿ ನಿಲ್ಲಲಿಲ್ಲ. ಮೂರನೇ ದಿನ ಡಾಕ್ಟರು ಪ್ಯಾಕೆಟ್ ತರಿಸಿ ನೋಡಿ, ಇದು ಸಿಹಿ ಪಾನೀಯ, ಇದು ಭೇದಿಯನ್ನು ಹೆಚ್ಚಿಸುತ್ತದೆ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಇರಬೇಕಾದ ಗ್ಲೂಕೋಸ್ 13.5 ಗ್ರಾಂ; ನಾನು ಕುಡಿಸಿದ್ದರಲ್ಲಿ ಅದರ ಎಷ್ಟೋ ಪಟ್ಟು ಸಕ್ಕರೆ ಇತ್ತು. ಆ ಎರಡು ರಾತ್ರಿಗಳನ್ನು ನಾನು ಮರೆತಿಲ್ಲ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ ಇಂತಹ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸುವಂತಿಲ್ಲ ಎಂದು ಆದೇಶಿಸಿತು. ಅವರ ಕಣ್ಣೀರಿನ ವಿಡಿಯೊ ನೋಡಿದ ದಿನ ನಾನೂ ಅತ್ತೆ.

ಮನೆಯವರು ಏನು ಕೊಳ್ಳುತ್ತಾರೆ ಎಂಬುದು ಹೀಗೆ ಹೆಸರಿನಿಂದ, ಬೆಲೆಯಿಂದ, ಫ್ರಿಜ್‌ನಲ್ಲಿ ಯಾವುದು ಕಣ್ಣಿನ ಮಟ್ಟಕ್ಕಿದೆ ಎಂಬುದರಿಂದ ಮುಂಚೆಯೇ ಬಹುಪಾಲು ತೀರ್ಮಾನವಾಗಿರುತ್ತದೆ. ಭಾವನ ಅಂಗಡಿಯ ಫ್ರಿಜ್ ತಂಪು ಪಾನೀಯದ ಕಂಪನಿಯವರು ಕೊಟ್ಟದ್ದು. ಮೇಲಿನ ಮೂರು ಅರೆಗಳಲ್ಲಿ ಅವರ ಮಾಲೇ ಇರಬೇಕು ಎಂಬುದು ಒಪ್ಪಂದ. ನಂದಿನಿ ಮಜ್ಜಿಗೆ ಕೆಳಗಿನ ಅರೆಯಲ್ಲಿ, ಹಾಲಿನ ಕ್ರೇಟಿನ ಹಿಂದೆ. ಕೊಬ್ಬರಿಗೆ ಹೆಸರಾದ ತಿಪಟೂರಿನಲ್ಲೇ ಆಗ ಎಳನೀರು 50 ರೂಪಾಯಿ ಇತ್ತು. ಕಾಯಿಗೆ, ಕೊಬ್ಬರಿಗೆ ಒಳ್ಳೆಯ ಬೆಲೆ ಇರುವಾಗ ರೈತ ಎಳಸಾಗಿಯೇ ಏಕೆ ಕೊಯ್ಯುತ್ತಾನೆ? 20 ರೂಪಾಯಿ ಹಿಡಿದು ಬಂದ ಅಜ್ಜಿಗೆ ನಿಜವಾಗಿ ಉಳಿದಿದ್ದ ಆಯ್ಕೆಗಳು ಎರಡೇ, ಗುಳ್ಳೆ ಇರುವುದು ಮತ್ತು ಗುಳ್ಳೆ ಇಲ್ಲದ್ದು.

ಪೊಟ್ಟಣದ ಮುಂಭಾಗದಲ್ಲೇ ಎಚ್ಚರಿಕೆ ಇರಬೇಕೆಂಬ ಬೇಡಿಕೆ ನಮ್ಮಲ್ಲಿ ಹೊಸತಲ್ಲ. 2022ರಲ್ಲಿ ನಕ್ಷತ್ರಗಳ ಶ್ರೇಯಾಂಕದ ಕರಡು ಬಂತು. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಬೇಕೆಂಬ ಪ್ರಸ್ತಾವಕ್ಕೆ ಪ್ರಾಧಿಕಾರ ಒಪ್ಪಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಮೂರು ತಿಂಗಳ ಗಡುವು ಕೊಟ್ಟಿತು. ಮೆಕ್ಸಿಕೋದಲ್ಲಿ 2020ರ ಅಕ್ಟೋಬರಿನಿಂದಲೇ ಸಕ್ಕರೆ ಮಿತಿಮೀರಿದ ಪೊಟ್ಟಣಗಳ ಮುಂದೆ ಕಪ್ಪು ಅಷ್ಟಕೋನದ ಮುದ್ರೆ ಇದೆ. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತದೆ. ಬ್ರಿಟನ್ ತನ್ನ ಸುಂಕದಲ್ಲಿ ಹಾಲಿನ ಪಾನೀಯಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು 2028ರ ಜನವರಿಯಿಂದ ತೆಗೆಯುವುದಾಗಿಯೂ, 5 ಗ್ರಾಂ ಇದ್ದ ಗೆರೆಯನ್ನು 4.5ಕ್ಕೆ ಇಳಿಸುವುದಾಗಿಯೂ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಜಿಎಸ್‌ಟಿ ಮಂಡಳಿ ಎಷ್ಟೋ ವಸ್ತುಗಳ ದರವನ್ನು ಒಂದೇ ಸಭೆಯಲ್ಲಿ ಬದಲಿಸಬಲ್ಲದು ಎಂಬುದನ್ನು ಸೆಪ್ಟೆಂಬರ್‌ನಲ್ಲಿ ನೋಡಿದ್ದೇವೆ. 2202ರ ಸಾಲಿನಲ್ಲಿ ಗ್ರಾಂ ಎಂಬ ಒಂದು ಅಳತೆ ಸೇರಿಸಿ, ತಯಾರಕರಿಗೆ ಎರಡು ವರ್ಷದ ಅವಕಾಶ ಕೊಡುವುದು ಅದಕ್ಕೆ ಕಷ್ಟವೇನಲ್ಲ.

ಅಂದು ಮೊಮ್ಮಕ್ಕಳು ಖಾಲಿ ಪ್ಯಾಕೆಟ್ ಎಸೆಯಲು ಒಳಗೆ ಬಂದಾಗ ನಾನು ಅಜ್ಜಿಯನ್ನು ಕರೆದು, ಬಿಡಿ ಸಕ್ಕರೆಯ ಚೀಲದಿಂದ ಕಾಗದದ ಮೇಲೆ ನಾಲ್ಕು ಚಮಚ ಹಾಕಿ ತೋರಿಸಿದೆ. "ಅಜ್ಜಿ, ಒಂದೊಂದು ಪ್ಯಾಕೆಟ್‌ನಲ್ಲಿ ಇಷ್ಟಿದೆ" ಎಂದೆ. ಅವರು ಸಕ್ಕರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಭಾವನ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಪ್ಯಾಕೆಟ್ಟನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಮುಂದಿದ್ದದ್ದು ಎಲೆಯೊಡನೆ ತೂಗುವ ಎರಡು ಮಾವಿನಹಣ್ಣು. "ಮತ್ತೆ ಇಲ್ಲಿ ಬರೀ ಹಣ್ಣೇ ಬರ್ದವ್ರಲ್ಲವ್ವ" ಎಂದರು.